ಮೈಕಿಗೆ ಸಿಗದ ಒಂದು ಮಾತು

ಶಾಸನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಪುಟ್ಟ ಮೇಜಿದೆ. ಅಲ್ಲಿ ತಲೆ ಬಗ್ಗಿಸಿ ಶೀಘ್ರಲಿಪಿ ಗೀಚುವವರು ನಾವು, ಸದನದ ವರದಿಗಾರರು. ಪತ್ರಿಕೆಯವರೆಂದುಕೊಳ್ಳಬೇಡಿ. ಅವರು ತಮಗೆ ಬೇಕಾದ್ದನ್ನು ಬರೆಯುತ್ತಾರೆ, ನಾವು ಆಡಿದ್ದನ್ನು ಆಡಿದ ಹಾಗೇ ಬರೆಯಬೇಕು. ಒಬ್ಬೊಬ್ಬರಿಗೆ ಹತ್ತು ನಿಮಿಷದ ಸರದಿ. ಅದು ಮುಗಿದದ್ದೇ ಎದ್ದು ಒಳಗಿನ ಕೋಣೆಗೆ ಹೋಗಿ ಟೈಪು ಮಾಡಬೇಕು. ಹೀಗಾಗಿ ಶುರುವಿನಿಂದ ಕೊನೆತನಕ ಪೂರ್ತಿ ಒಂದು ಜಗಳ ಕೇಳುವ ಭಾಗ್ಯ ನಮಗೆ ಯಾವತ್ತೂ ಸಿಕ್ಕಿಲ್ಲ.

ನನಗಿಂತ ಮೊದಲಿನ ಸರದಿ ಇಪ್ಪತ್ತು ವರ್ಷ ಒಬ್ಬರದೇ ಆಗಿತ್ತು. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ನಾನು ಅಕ್ಕ ಎನ್ನುತ್ತಿದ್ದೆ. ಮಾತು ಬಹಳ ಕಡಿಮೆ. ದಿನವಿಡೀ ಊರವರ ಮಾತನ್ನೆಲ್ಲ ಬರೆದು ಬರೆದು ಸ್ವಂತ ಮಾತಿನ ಮೇಲೆ ಜಿಗುಪ್ಸೆ ಬಂದಿರಬೇಕು ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಮದುವೆಯಾಗಿರಲಿಲ್ಲ. ಒಂದು ಸಲ ಅವರಿಗೆ ಜ್ವರ ಬಂದಾಗ, ಸಹಿ ಬೇಕಿದ್ದ ಕಾಗದ ಹಿಡಿದುಕೊಂಡು ಮನೆಗೆ ಹೋಗಿದ್ದೆ. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಎಲ್ಲ ಒಪ್ಪವಾಗಿತ್ತು, ಆದರೆ ಇದ್ದದ್ದು ಒಂದೇ ಕುರ್ಚಿ.

"ಇನ್ನೊಂದು ಕುರ್ಚಿ ತರಿಸಬಾರದಾ ಅಕ್ಕಾ?" ಎಂದೆ.

"ಯಾರಿಗೆ?" ಎಂದರು.

ನಿಂತುಕೊಂಡೇ ಸಹಿ ಹಾಕಿಸಿಕೊಂಡು ಬಂದೆ.

ಆ ವರ್ಷ ಹೊಳೆದಂಡೆಯ ಊರೊಂದರಲ್ಲಿ ಸರ್ಕಾರಿ ಲಾಂಚು ಮುಳುಗಿ ಹನ್ನೊಂದು ಜನ ಸತ್ತರು, ನಡೆಸುತ್ತಿದ್ದ ಚಾಲಕನೂ ಸತ್ತ. ಚಾಲಕನ ಅಜಾಗರೂಕತೆಯೇ ಕಾರಣ ಎಂದು ವಿಚಾರಣೆಯವರು ಷರಾ ಬರೆದರು. ಸತ್ತವನು ಎದ್ದು ಬಂದು ಇಲ್ಲ ಎನ್ನುತ್ತಾನೆಯೇ? ಮರುವರ್ಷ ದೋಣಿ, ಲಾಂಚುಗಳ ಸುರಕ್ಷತೆಗೆಂದು ಸರ್ಕಾರ ಒಂದು ಮಸೂದೆ ತಂದಿತು. ಚರ್ಚೆಯ ಎರಡನೇ ದಿನ ಅಕ್ಕನ ಸರದಿ ಮುಗಿಯುತ್ತಾ ಬಂದಿತ್ತು. ಸರದಿ ಬದಲಾಗುವಾಗ ಮಾತು ಸೋರಿಹೋಗಬಾರದೆಂದು ಮುಂದಿನವರು ಒಂದು ನಿಮಿಷ ಮೊದಲೇ ಬಂದು, ಪಕ್ಕದಲ್ಲಿ ಕೂತು ಬರೆಯತೊಡಗುವುದು ನಮ್ಮಲ್ಲಿನ ಪದ್ಧತಿ. ನಾನೂ ಬಂದು ಕೂತೆ.

ಅಷ್ಟರಲ್ಲಿ ವಿರೋಧ ಪಕ್ಷದವರೊಬ್ಬರು, "ಎಲ್ಲಾ ಸತ್ತವನ ತಲೆಗೆ ಕಟ್ಟಿ ಕೈ ತೊಳ್ಕೊಂಡ್ರಲ್ಲ!" ಎಂದು ಕೂಗಿದರು. ಸದನ ಸಂತೆಯಾಯಿತು. ಸಭಾಧ್ಯಕ್ಷರು ಸದಸ್ಯರ ಮೈಕುಗಳನ್ನೆಲ್ಲ ಆಫ್ ಮಾಡಿಸಿದರು. ಮಂತ್ರಿಗಳು ನಮ್ಮ ಮೇಜಿನ ಪಕ್ಕಕ್ಕೇ ನುಗ್ಗಿಬಂದು, "ಅವನದೇನ್ರೀ ತಪ್ಪು? ಎಂಜಿನ್ ಕೆಟ್ಟಿದೆ ಅಂತ ಮೂರು ಸಲ ಬರೆದುಕೊಟ್ಟಿದ್ದ. ನಿಮ್ಮ ಕಾಲದಲ್ಲಿ ಕೊಂಡ ದರಿದ್ರ ಎಂಜಿನ್ನು ಅದು!" ಎಂದು ಗುಡುಗಿದರು. ಮೈಕಿಗೆ ಸಿಗದಿದ್ದರೂ ವರದಿಗಾರರ ಕಿವಿಗೆ ಬಿದ್ದದ್ದು ದಾಖಲೆಗೆ ಸೇರಬೇಕೆಂಬುದು ನಮ್ಮ ನಿಯಮ. ಅಕ್ಕ ತಲೆ ಎತ್ತದೆ ಬರೆದರು. ನಾನೂ ಬರೆದೆ.

ಅವತ್ತು ಸಂಜೆ ಕಚೇರಿಯ ಫೋನಿನಲ್ಲಿ ಅವರು ಯಾರಿಗೋ, "ಮಂತ್ರಿಗಳ ಬಾಯಲ್ಲೇ ಬಂತು ಕಣೇ. ಅಚ್ಚಾಗಿ ಬರುತ್ತೆ, ನಿನಗೊಂದು ಪ್ರತಿ ತಂದುಕೊಡ್ತೀನಿ" ಎನ್ನುತ್ತಿದ್ದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಭಾಷಣದ ಪ್ರತಿ ತಿದ್ದಲು ಮಂತ್ರಿಗಳಿಗೆ ಹೋಗಿ, ನಾಲ್ಕನೇ ದಿನ ಮರಳಿತು. ಆ ಮಾತಿಗೆ ಕೆಂಪು ಗೀಟು. ಪಕ್ಕದಲ್ಲಿ "ನಾನು ಹೀಗೆ ಹೇಳಿಲ್ಲ." ಧ್ವನಿಮುದ್ರಣದಲ್ಲಿ ಬರೀ ಗದ್ದಲ. ನಮ್ಮ ವರದಿ ವಿಭಾಗದ ಮುಖ್ಯ ಸಂಪಾದಕರು ನಮ್ಮಿಬ್ಬರನ್ನೂ ಕರೆಸಿದರು. ಒಳ್ಳೆಯ ಮನುಷ್ಯ.

"ನೀವು ಬರೆದಿದ್ದು ತಪ್ಪಿರಲ್ಲ ಅಂತ ನಾನು ಮೇಲಕ್ಕೆ ಬರೀತೀನಮ್ಮ. ಆದ್ರೆ ಅವರ ಕಡೆಯವರು ಒಂದು ಪ್ರಶ್ನೆ ಕೇಳಿದ್ದಾರೆ. ಈ ವಿಷಯದಲ್ಲಿ ನಿಮಗೇನಾದ್ರೂ ಸಂಬಂಧ ಇದೆಯಾ?"

"ಇದೆ," ಎಂದರು ಅಕ್ಕ. "ಆ ಲಾಂಚು ನಡೆಸ್ತಿದ್ದವನು ನನ್ನ ತಮ್ಮ."

ಅವರಿಗೊಬ್ಬ ತಮ್ಮನಿದ್ದನೆಂಬುದೇ ನಮಗೆ ಗೊತ್ತಿರಲಿಲ್ಲ. ವರ್ಷದ ಹಿಂದೆ ಮೂರು ದಿನ ರಜೆ ಹಾಕಿದ್ದರು, ಯಾಕೆಂದು ಯಾರೂ ಕೇಳಿರಲಿಲ್ಲ. ಸಂಪಾದಕರು ಹಣೆ ಚಚ್ಚಿಕೊಂಡರು. "ಯಾಕಮ್ಮಾ ಹೇಳಿದ್ರಿ?"

"ಕೇಳಿದ್ರಲ್ಲ."

ಆಗ ಸಂಪಾದಕರು ನನ್ನ ಕಡೆ ತಿರುಗಿದರು. "ನಿಮ್ಮ ಶೀಘ್ರಲಿಪಿ ಪುಸ್ತಕದಲ್ಲಿ ಇದ್ದರೂ ಸಾಕು. ಇದೆಯಾ?"

ನನ್ನ ಬಡ್ತಿಯ ಕಡತ ಆ ವಾರವೇ ಮೇಲೆ ಹೋಗಬೇಕಿತ್ತು. ಮಂತ್ರಿಗಳ ಕೆಂಗಣ್ಣಿಗೆ ಬಿದ್ದರೆ ಅದರ ಗತಿ ಏನೆಂದು ನನಗೆ ಗೊತ್ತಿತ್ತು. "ಇಲ್ಲ ಸಾರ್. ಆಗಷ್ಟೇ ಬಂದು ಕೂತಿದ್ದೆ. ಗಲಾಟೆಯಲ್ಲಿ ಏನೂ ಕೇಳಿಸ್ಲಿಲ್ಲ," ಎಂದೆ. ಹೇಳುವಾಗ ನಾಲಿಗೆ ಚೂರೂ ತೊದಲಲಿಲ್ಲ, ಹೇಸಿಗೆಯಾಗುವುದು ಅದಕ್ಕೇ. ಅಕ್ಕ ನನ್ನನ್ನೇ ಒಂದು ಗಳಿಗೆ ನೋಡಿ, ಬಾಗಿಲು ತೆರೆದು ಹೊರಟುಹೋದರು.

ಮುಂದಿನ ವಾರ ತಮ್ಮನ ಹೆಂಡತಿ ಮಗಳ ಕೈಹಿಡಿದುಕೊಂಡು ಕಚೇರಿಯ ಗೇಟಿಗೆ ಬಂದಳು. ಹನ್ನೊಂದು ಜನರನ್ನು ಮುಳುಗಿಸಿದವನ ಮಗಳು ಎಂದು ಆ ಹುಡುಗಿಯನ್ನು ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲವಂತೆ. ಅಚ್ಚಾದ ಆ ಒಂದು ಪುಟವನ್ನು ಊರವರ ಮುಖಕ್ಕೆ ಹಿಡಿಯಬೇಕೆಂದು ತಾಯಿ ಕಾದಿದ್ದಳು.

"ಬರೋದಿಲ್ಲ," ಎಂದು ಅಕ್ಕ ನಡೆದದ್ದನ್ನು ಹೇಳಿದರು.

"ಸಂಬಂಧ ಇಲ್ಲ ಅಂತ ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತಕ್ಕಾ? ಅವರು ನಿಮಗೆ ತಮ್ಮ ಅಲ್ವಾ?"

ತಿಂಗಳಿಗೊಂದು ಭಾನುವಾರ ತಮ್ಮನ ಮನೆಗೆಂದು ಆ ಹೊಳೆದಂಡೆಯ ಊರಿನ ಬಸ್ಸು ಹತ್ತುತ್ತಿದ್ದ ಅಕ್ಕ ಆಮೇಲೆ ಭಾನುವಾರವೂ ಕಚೇರಿಗೆ ಬರತೊಡಗಿದರು. ಕಾವಲುಗಾರ ಬಾಗಿಲು ತೆರೆದುಕೊಡುತ್ತಿದ್ದ.

ಮಸೂದೆ ಪಾಸಾಗಿ ಕಾಯಿದೆಯಾಯಿತು. ನನಗೆ ಬಡ್ತಿಯೂ ಬಂತು. ಆರು ತಿಂಗಳಿಗೆ ಆ ಅಧಿವೇಶನದ ಸಂಪುಟದ ಕರಡಚ್ಚು ಬಂತು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲಪ್ರತಿಯೊಂದಿಗೆ ಹೋಲಿಸಬೇಕು. ಓದುವವರು ಅಕ್ಕ, ಹೋಲಿಸುವವನು ನಾನು. ಆ ಪುಟ ಬಂತು. ಮಂತ್ರಿಗಳ ಮಾತಿದ್ದ ಜಾಗದಲ್ಲಿ ಆವರಣದೊಳಗೆ "ಗದ್ದಲ" ಎಂದಿತ್ತು. ಅಷ್ಟು ಓದಿ ಅಕ್ಕ ನಿಲ್ಲಿಸಿದರು.

"ನಿಜ ಹೇಳಿ. ಅವತ್ತು ನಿಮಗೆ ಏನೂ ಕೇಳಿಸ್ಲೇ ಇಲ್ವಾ?"

ಈ ಸಲ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ಕೇಳಿಸ್ತು ಅಕ್ಕಾ. ಬರೆದೂ ಇದ್ದೀನಿ. ಪುಸ್ತಕ ನನ್ನ ಹತ್ರಾನೇ ಇದೆ."

ಬೈಯುತ್ತಾರೆಂದುಕೊಂಡೆ. ಅವರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರುಬಿಟ್ಟರು. "ಸದ್ಯ! ತಮ್ಮನ ಮೇಲಿನ ಆಸೆಗೆ ನಾನೇ ಇಲ್ಲದ್ದನ್ನ ಕೇಳಿಸ್ಕೊಂಡೆನೇನೋ ಅಂತ ಆರು ತಿಂಗಳಿಂದ ನನ್ನ ಕಿವೀನೇ ನಾನು ನಂಬ್ತಿರಲಿಲ್ಲ."

ಆಮೇಲೆ ಮೆಲ್ಲಗೆ ಕೇಳಿದರು: "ಅಚ್ಚಿಗೆ ಹೋಗೋಕೆ ಇನ್ನೂ ಎರಡು ದಿನ ಇದೆ, ಅಲ್ವಾ?"

ನಾನು ಪುಸ್ತಕದ ಸುದ್ದಿ ಎತ್ತದೆ ಮೂಲಪ್ರತಿಯ ಮೇಲೆ ಕಣ್ಣು ನೆಟ್ಟು ಕೂತೆ. ಅವರು ಇನ್ನಷ್ಟು ಹೊತ್ತು ಕಾದರು. ಆಮೇಲೆ ಹಾಳೆ ತಿರುವಿ ಮುಂದಿನ ಪುಟ ಓದತೊಡಗಿದರು.