ಅವ್ವ ಕೆಚ್ಚದೆ ಬಿಟ್ಟ ಬೀಮು

ನನ್ನ ಅಪ್ಪ ದಶರಥ ಯಾರಿಗೂ ಇಲ್ಲ ಎನ್ನುವವನಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರನ್ನೇ ಕೇಳಿ, "ದಶರಥಣ್ಣ ಅಂದ್ರ ದೇವರಂಥಾ ಮನಷ್ಯಾ" ಎನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಊರಿಗೆಲ್ಲ ಹೂಂ ಎನ್ನುವ ಈ ದೇವರು ಮನೆಯೊಳಗಿನ ಒಬ್ಬಳ ಒಂದೇ ಒಂದು ಆಸೆಯನ್ನು ಮದುವೆಯಾದಂದಿನಿಂದ ಮುಂದೂಡುತ್ತಲೇ ಬಂದಿದ್ದಾನೆ. ಬಾಯಿಬಿಟ್ಟು ಇಲ್ಲ ಎಂದಿದ್ದರೆ ಅದಕ್ಕೂ ಒಂದು ಮರ್ಯಾದೆ ಇರುತ್ತಿತ್ತು. ಅವನು ಹೇಳುವುದು ಒಂದೇ ಮಾತು: "ಈ ಬೀಮ್ ಮುಗೀಲಿ."

ಆ ಒಬ್ಬಳು ನನ್ನ ಅವ್ವ, ತಾರವ್ವ. ಇಚಲಕರಂಜಿಯ ನೇಕಾರರ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ ಅಪ್ಪ ಅವಳಿಗೆ, "ಈ ಬೀಮ್ ಮುಗೀಲಿ, ಮುಂಬಯಿಗೆ ಹೋಗೂಣು. ಇಬ್ಬರ ಹೋಗಿ ಸಮುದ್ರ ನೋಡೂಣು" ಎಂದಿದ್ದನಂತೆ. ಹೇಳಿದವನು ಮರೆತ, ಕೇಳಿದವಳು ಮರೆಯಲಿಲ್ಲ.

ಬೀಮ್ ಎಂದರೆ ಹಾಸಿನ ನೂಲು, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು ಸುತ್ತಿದ ದೊಡ್ಡ ಉರುಳೆ. ಅದನ್ನು ಮಗ್ಗಕ್ಕೆ ಏರಿಸಿದರೆ ವಾರಗಟ್ಟಲೆ ಸೀರೆ ಇಳಿಯುತ್ತವೆ. ನಮ್ಮದು ಎರಡು ಪಾವರ್‌ಲೂಮು. ಬೀಮೂ ನೂಲೂ ಸಾವುಕಾರರದ್ದು, ದುಡಿಮೆ ನಮ್ಮದು. ಒಂದು ಬೀಮ್ ಮುಗಿದು ಇನ್ನೊಂದು ಏರುವ ನಡುವೆ ಮಗ್ಗ ಒಂದಿಷ್ಟು ಹೊತ್ತು ಸುಮ್ಮನಿರುತ್ತದೆ. ನೇಕಾರರ ಮನೆಯಲ್ಲಿ ಬಿಡುವು ಎಂಬುದು ಇದ್ದರೆ ಅದಷ್ಟೆ. ಅರ್ಧ ನೇಯ್ದ ಹಾಸನ್ನು ಮಗ್ಗದ ಮೇಲೆ ಬಿಟ್ಟು ಊರು ದಾಟಬಾರದು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಇರಲಿ, ಹಾಸು ಮುಗಿದ ಮೇಲಾದರೂ ದಾಟಬಹುದಲ್ಲ? ಅಪ್ಪನ ಕೃಪೆಯಿಂದ ಅದೂ ಇಲ್ಲ. ಹಳೆಯ ಬೀಮಿನಲ್ಲಿ ನಾಲ್ಕು ಸೀರೆ ಬಾಕಿ ಇರುವಾಗಲೇ ಹೊಸ ಬೀಮು ನಮ್ಮ ಪಡಸಾಲೆಯ ಗೋಡೆಗೆ ಒರಗಿ ನಿಂತಿರುತ್ತಿತ್ತು. ಸಾವುಕಾರ ಶಶಿಕಾಂತ ಕಳಿಸುತ್ತಾನೆ, ಅಪ್ಪ "ಆತ್ರಿ ಸಾವಕಾರ್ರ" ಎನ್ನುತ್ತಾನೆ. ನನ್ನ ಇಡೀ ಬಾಲ್ಯ ಈ "ಆತ್ರಿ" ಕೇಳಿಯೇ ಕಳೆಯಿತು.

ಹೊಸ ಬೀಮ್ ಏರಿಸಿದರೆ ಮಗ್ಗ ತಾನಾಗಿ ಓಡುವುದಿಲ್ಲ. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಸಾವಿರಾರು ಎಳೆ. ಬೇರೆ ಮನೆಗಳಿಗೆ ಕೆಚ್ಚಲು ಕೂಲಿಯ ಹೆಣ್ಣುಮಕ್ಕಳು ಬರುತ್ತಾರೆ. ನಮ್ಮ ಮನೆಗೆ ಯಾರೂ ಬಂದವರಲ್ಲ, ಬಿಟ್ಟಿ ಅವ್ವ ಇದ್ದಾಳಲ್ಲ! ಬೂದಿಯ ತಟ್ಟೆ ಪಕ್ಕಕ್ಕಿಟ್ಟುಕೊಂಡು, ಬೆನ್ನು ಬಾಗಿಸಿ ಕೂತರೆ ಮುಗಿಯುವವರೆಗೆ ಅವಳು ಏಳುತ್ತಿರಲಿಲ್ಲ. ಅವಳ ಹೆಬ್ಬೆರಳು ತೋರುಬೆರಳುಗಳ ಚರ್ಮ ಉಳಿದ ಬೆರಳುಗಳಂತಿಲ್ಲ, ಸವೆದು ನುಣುಪಾಗಿದೆ. ಹೊಸ ಆಧಾರ್ ಕಾರ್ಡಿಗೆ ಹೋದಾಗ ಯಂತ್ರ ಆ ಬೆರಳನ್ನು ಒಪ್ಪಲೇ ಇಲ್ಲ. ಅಪ್ಪ ಅದನ್ನು ನಗುವ ಸಂಗತಿಯೆಂಬಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ನಾನು ಮುಧೋಳದ ಸಕ್ಕರೆ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಸಂಸಾರವೂ ಅಲ್ಲೇ. ಈ ವರ್ಷ ಯುಗಾದಿಗೆ ತವರಿಗೆ ಬಂದವಳು ಸಿಟ್ಟಿನಲ್ಲೇ ಅಪ್ಪನ ಮುಂದೆ ಫೋನು ಹಿಡಿದೆ. "ಮುಂಬಯಿಗೆ ಎರಡು ಸ್ಲೀಪರ್ ಸೀಟು ತಗಸೀನಿ. ದಾದರಿನ್ಯಾಗ ಲಾಡ್ಜೂ ಹೇಳೀನಿ. ನೀನು, ಅವ್ವ. ಮೂರ ದಿನ. ಏನಂತಿ?"

ಅಪ್ಪ ಅಡ್ಡಗೋಡೆಯ ಮೇಲೆ ದೀಪವಿಟ್ಟ. "ಆತ ಬಿಡ, ನೋಡೂಣು. ಬೀಮ್ ಮುಗದ್ರ..."

"ಮುಗೀತಾವ," ಎಂದಳು ಅವ್ವ ಒಳಗಿನಿಂದ. ಅಷ್ಟೇ ಅಂದಳು.

ಆಮೇಲೆ ಅವಳು ಮಾಡಿದ ತಯಾರಿ ನೋಡಬೇಕಿತ್ತು. ಬೇರೆಯವರು ಪ್ರವಾಸಕ್ಕೆ ಬಟ್ಟೆ ಜೋಡಿಸುತ್ತಾರೆ, ಚಕ್ಕುಲಿ ಕರಿಯುತ್ತಾರೆ. ನನ್ನ ಅವ್ವ ಎರಡು ಮಗ್ಗಗಳನ್ನು ಜೋಡಿಸಿದಳು. ಎರಡರ ಬೀಮೂ ಒಂದೇ ದಿನ ಮುಗಿಯಬೇಕು, ಅದೂ ಬಸ್ಸಿನ ದಿನಕ್ಕೆ ಮುಂಚೆ. ಒಂದು ಮೊದಲೇ ಮುಗಿದರೆ ಅದಕ್ಕೆ ಹೊಸ ಬೀಮ್ ಏರಿಬಿಡುತ್ತದೆ. ಒಂದರ ಉರುಳೆ ತೆಳ್ಳಗಾಗಿತ್ತು, ಇನ್ನೊಂದರದ್ದು ಇನ್ನೂ ದಪ್ಪ. ಹಿಂದುಳಿದ ಮಗ್ಗಕ್ಕೆ ಅವಳೇ ನಿಂತಳು, ಊಟಕ್ಕೂ ನಿಲ್ಲಿಸಲಿಲ್ಲ. ಮುಂದೋಡುತ್ತಿದ್ದ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಬೇಕೆಂದೇ ತಡವಾಗಿ ಸುತ್ತಿಕೊಟ್ಟಳು. ಅಪ್ಪ "ಕಂಡಿಕಿ ಎಲ್ಲಿ, ಕಂಡಿಕಿ ಎಲ್ಲಿ" ಎಂದು ಕೂಗುತ್ತಿದ್ದರೆ ಇವಳು ಕಿವಿ ಕೇಳಿಸದವಳ ಹಾಗೆ ಪಕ್ಕದ ಮಗ್ಗ ಓಡಿಸುತ್ತಿದ್ದಳು. ಫೋನ್ ಮಾಡಿದಾಗ ಮಗ್ಗದ ಖಟಖಟದ ನಡುವೆ ಅವಳ ದನಿಯೇ ಕೇಳುತ್ತಿರಲಿಲ್ಲ. ನಮ್ಮ ಮನೆಗೆ ಫೋನ್ ಮಾಡಿದರೆ ಯಾವತ್ತೂ ಹಾಗೆಯೇ, ಎರಡೂ ಕಡೆಯವರು ಒದರಬೇಕು.

"ಏನಂತೀ ಅವ್ವಾ? ಕೇಳವಲ್ದು!"

"ಮುಗೀತಾವ ಅಂದೆ! ಎರಡೂ ಮುಗೀತಾವ!"

ಅಷ್ಟರಲ್ಲಿ ನನ್ನ ಸೋದರತ್ತೆ ಗುರುಬಾಯಿಗೆ ಸುದ್ದಿ ಮುಟ್ಟಿತು. ಅಪ್ಪನ ಅಕ್ಕ, ನಮ್ಮ ಮನೆಯಿಂದ ನಾಲ್ಕನೇ ಬಾಗಿಲು. ನಾನು ಮುಧೋಳದಿಂದ ಮತ್ತೊಮ್ಮೆ ಬಂದಿದ್ದ ದಿನವೇ ಅವಳೂ ಬಂದು ಕಟ್ಟೆಯ ಮೇಲೆ ಕೂತು ಓಣಿಗೆ ಕೇಳುವ ಹಾಗೆ ನಕ್ಕಳು.

"ಏನವಾ ಪ್ರತಿಮಾ, ನಿಮ್ಮವ್ವ ನಿಮ್ಮಪ್ಪ ಹನಿಮೂನಿಗೆ ಹೊಂಟಾರಂತ? ಮಮ್ಮಕ್ಕಳ ಕಾಣೂ ವಯಸ್ಸಿನ್ಯಾಗ!"

"ಹೂಂ ಅತ್ತಿ, ಹೊಂಟಾರ. ನಿನಗೇನ ತ್ರಾಸ?"

"ನನಗ್ಯಾಕ ತ್ರಾಸವಾ? ಇಬ್ಬರ ಹೋದ್ರ ಚೆಂದ ಕಾಣ್ತದೇನ, ನಾಚಿಕಿ ಆಗೂದಿಲ್ಲೇನ? ನಾನೂ ಹೊಂಟೀನಿ. ದಶರಥಗ ಕೇಳೀನಿ, ಆತು ಅಂದಾನ."

ನನ್ನ ಪಿತ್ತ ನೆತ್ತಿಗೇರಿತು. ಒಳಗೆ ಹೋಗಿ ಅಪ್ಪನನ್ನು ಕೇಳಿದರೆ ಅವನು ಮಗ್ಗದ ಎಣ್ಣೆ ಒರೆಸುತ್ತ, "ಅಕ್ಕ ಹಿರ್ಯಾಕಿ, ಹ್ಯಾಂಗ ಬ್ಯಾಡ ಅನ್ನೂದು?" ಎಂದ. ಬ್ಯಾಡ ಎನ್ನುವ ಎರಡಕ್ಷರ ಈ ಮನುಷ್ಯನ ಬಾಯಿಗೆ ದೇವರು ಹಾಕಿಯೇ ಇಲ್ಲ. ನಾನೇ ಹೊರಗೆ ಬಂದು ಹೇಳಿದೆ: "ಅತ್ತಿ, ಟಿಕೆಟ್ ಎರಡ ಅವ. ಮೂರನೇದ್ದು ಬೇಕಂದ್ರ ಬಸ್ಸಿನ ಟಪ್ಪಿನ ಮ್ಯಾಲ ಕುಂದ್ರಬೇಕು." ಅತ್ತೆ ಸೆರಗು ಝಾಡಿಸಿಕೊಂಡು ಎದ್ದು ಹೋದಳು. ಓಣಿಗೆಲ್ಲ ನನ್ನನ್ನು ಬಾಯಿಬಡಕಿ ಎಂದಳಂತೆ. ಅನ್ನಲಿ. ಬಾಯಿ ಇದ್ದುದಕ್ಕೇ ಬದುಕಿದ್ದೇನೆ.

ಅವ್ವ ಗೆದ್ದಳು. ಬಸ್ಸಿನ ದಿನ ಶುಕ್ರವಾರ. ಗುರುವಾರ ಸಂಜೆಗೆ ಎರಡೂ ಬೀಮ್ ಮುಗಿದವು. ಶುಕ್ರವಾರ ಮಧ್ಯಾಹ್ನ ನಾನು ಮುಧೋಳದಿಂದ ಬಂದಾಗ ಮನೆ ಎಷ್ಟು ಸುಮ್ಮನಿತ್ತೆಂದರೆ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವ್ವ ತಲೆಗೆ ಎರೆದುಕೊಂಡಿದ್ದಳು. ತಾನೇ ನೇಯ್ದ ಕೆಂಪಂಚಿನ ಹಸಿರು ಸೀರೆ ಉಟ್ಟಿದ್ದಳು. ಈ ಮನೆಯಲ್ಲಿ ಇಳಿದ ಸೀರೆಗಳಲ್ಲಿ ಅವಳ ಮೈಮೇಲೆ ಬಂದದ್ದು ಅದೊಂದೇ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಳು. ಅಪ್ಪನ ಇಸ್ತ್ರಿ ಮಾಡಿದ ಅಂಗಿ ಹೊರಸಿನ ಮೇಲಿತ್ತು.

"ಅಪ್ಪ ಎಲ್ಲಿ?" ಎಂದೆ.

"ಕಟಿಂಗ್ ಮಾಡಸಾಕ ಹೋಗ್ಯಾರ," ಎಂದು ಅವ್ವ ನಕ್ಕಳು. ನನ್ನ ಅವ್ವ ನಾಚಿದ್ದನ್ನು ನಾನು ಅವತ್ತೇ ಕಂಡದ್ದು.

ನಾಲ್ಕು ಗಂಟೆಯ ಸುಮಾರಿಗೆ ಅಪ್ಪ ಬಂದ. ಕಟಿಂಗ್ ಆಗಿತ್ತು. ಅವನ ಹಿಂದೆಯೇ ಸಾವುಕಾರನ ಟೆಂಪೋ ಬಂತು. ಇಬ್ಬರು ಆಳುಗಳು ಹೊಸ ಬೀಮನ್ನು ಹೆಗಲ ಮೇಲೆ ಹೊತ್ತು ಪಡಸಾಲೆಗೆ ತಂದರು.

ನಾನು ಬಾಯಿಗೆ ಬಂದಂತೆ ಬೈದೆ. ಈಗ ಅದನ್ನೆಲ್ಲ ಬರೆಯಲಾರೆ. ಅಪ್ಪ ನನ್ನನ್ನು ನೋಡಲೇ ಇಲ್ಲ. ಆಳುಗಳ ಜೊತೆ ಸೇರಿ ಬೀಮನ್ನು ಮಗ್ಗಕ್ಕೆ ಏರಿಸಿದ, ಅವರನ್ನು ಕಳಿಸಿದ. ಆಮೇಲೆ ಒಲೆಯ ಹತ್ತಿರ ಹೋಗಿ ತಟ್ಟೆಯಲ್ಲಿ ಬೂದಿ ತುಂಬಿ ತಂದು ಮಗ್ಗದ ಹಿಂದೆ, ಅವ್ವ ಕೂಡುವ ಜಾಗದಲ್ಲಿ ಇಟ್ಟ.

"ಲಗ್ನದ ಸೀಜನ್ ಐತಂತ ತಾರಾ. ಸಾವಕಾರ ಹಾದ್ಯಾಗ ಭೆಟ್ಟಿ ಆಗಿ ಕೈ ಹಿಡದ ಕೇಳಿದ. ಹ್ಯಾಂಗ ಒಲ್ಲೆ ಅನ್ನೂದು? ಒಂದ ಮಗ್ಗ ಚಾಲೂ ಮಾಡೂಣು. ಮುಂಬಯಿ ಎಲ್ಲಿ ಓಡಿ ಹೊಕ್ಕತಿ? ಈ ಬೀಮ್ ಮುಗೀಲಿ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಬಂದು ಬೂದಿಯ ತಟ್ಟೆ ಎತ್ತಿಕೊಂಡಾಗ ಕೂತೇ ಬಿಡುತ್ತಾಳೆ ಎಂದುಕೊಂಡೆ. ಅವಳು ಕೂಡಲಿಲ್ಲ. ಹೊರಗೆ ಹೋಗಿ ಬೂದಿಯನ್ನು ಗಟಾರಕ್ಕೆ ಸುರುವಿ, ಖಾಲಿ ತಟ್ಟೆಯನ್ನು ಕಟ್ಟೆಯ ಮೇಲೆ ಅಪ್ಪಳಿಸಿದಳು. ಅದು ಉರುಳಿಕೊಂಡು ಹೋಗಿ ಎದುರು ಮನೆಯ ಮೆಟ್ಟಿಲಿಗೆ ಬಡಿಯಿತು.

"ಏರಿಸಿದವರ ಕೆಚ್ಚಕೋರಿ," ಎಂದಳು. "ಸಾವಕಾರ ಕೈ ಹಿಡದ ಕೇಳಿದ್ನಂತ. ನನ್ನ ಕೈ ಹಿಡದವರ‍್ಯಾರು? ಬಾಳೆಲ್ಲ ಕೇಳೀನಿ. ಒಮ್ಮೆರೆ ನನಗ ಆತ್ರಿ ಅಂದೀರೇನು?"

"ತಾರಾ, ಓಣ್ಯಾಗ ಮಂದಿ ಕೇಳ್ತಾರ..."

"ಕೇಳ್ಲಿ! ಕೇಳ್ಲೆಂತನ ಒದರಾಕತ್ತೇನಿ! ಬಸ್ಸು ಆರಕ್ಕ ಐತಿ. ಬರ್ತೀರೋ, ಇಲ್ಲೋ? ನೀವ ಬರದಿದ್ರ ನಿಮ್ಮ ಸೀಟಿನ್ಯಾಗ ನನ್ನ ಚೀಲ ಕುಂದರ್ತೈತಿ."

ಅಪ್ಪ ಬೀಮಿನ ಮೇಲೆ ಕೈ ಇಟ್ಟುಕೊಂಡು ನಿಂತ. ಅವ್ವ ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ಗುರುಬಾಯಿ ಅತ್ತೆ ಆಗಲೇ ಹಾಜರಿದ್ದಳು.

"ಅಯ್ಯ ನನ್ನ ಶಿವನ! ಒಬ್ಬಾಕೀನ ಹೊಂಟೀಯೇನ? ಮಂದಿ ಏನಂದಾರು?"

"ಇಬ್ಬರು ಹೊಂಟಾಗ ನಾಚಿಕಿ ಅಂದ್ರಿ, ಒಬ್ಬಾಕಿ ಹೊಂಟ್ರ ಮಂದಿ ಅಂತೀರಿ. ಸರೀರಿ ಅಕ್ಕಾರ, ಹಾದಿ ಬಿಡ್ರಿ."

ಬಸ್ಸಿನ ಹತ್ತಿರ ನನಗೆ ಅಳು ಬಂತು, ಸಿಟ್ಟಿನ ಅಳು. "ನಾನಽ ಬರ್ತೀನಿ ಅವ್ವಾ, ಆಫೀಸಿಗೆ ರಜಾ ಹಾಕ್ತೀನಿ. ಸೀಟ್ ಐತೆಲ್ಲ," ಎಂದೆ.

ಅವ್ವ ನನ್ನ ಕೆನ್ನೆ ಸವರಿದಳು. "ಬ್ಯಾಡ. ನಾ ಇಷ್ಟ ವರ್ಷ ಕಾದದ್ದು ನಿನ್ನ ಜೋಡಿ ಹೋಗಾಕ ಅಲ್ಲ."

ಇಚಲಕರಂಜಿಯ ಮಗಳಿಗೆ ಮರಾಠಿ ತಾಯಿಹಾಲಿನಷ್ಟೇ ಸಲೀಸು, ದಾರಿ ತಪ್ಪುವ ಹೆದರಿಕೆ ನನಗಿರಲಿಲ್ಲ. ಕಿಟಕಿಯಲ್ಲಿ ಕಂಡದ್ದು ಅವಳ ಮುಖ, ಅದರ ಪಕ್ಕದಲ್ಲಿ ಚೀಲ. ಅಪ್ಪನಿಗೆ ನಾನು ಹೆಣಗಾಡಿ ತೆಗೆಸಿದ ಕಿಟಕಿಯ ಕಡೆಯ ಸೀಟಿನಲ್ಲಿ ಅವ್ವ ಕೂತಿರಲಿಲ್ಲ. ಅಲ್ಲಿ ಚೀಲ ಇಟ್ಟು ತಾನು ಈಚೆ ಕೂತು, ಅದರ ಮೇಲಿಂದ ಬಾಗಿ ನನಗೆ ಕೈ ಮಾಡಿದಳು.

ನಾನು ಮುಧೋಳಕ್ಕೆ ಹೋಗಿ ರವಿವಾರ ಮತ್ತೆ ಬಂದೆ. ಅಪ್ಪನಿಗೆ ಇನ್ನಷ್ಟು ಬೈಯುವುದು ಬಾಕಿ ಇತ್ತು. ಮಗ್ಗದ ಹಿಂದೆ ಅವನು ಕೂತಿದ್ದ. ಪಕ್ಕದಲ್ಲಿ ಹೊಸದಾಗಿ ತುಂಬಿದ ಬೂದಿಯ ತಟ್ಟೆ. ಕೂಲಿಯವರನ್ನು ಕರೆಯಲು ಹೋದರೆ "ತಾರವ್ವ ಯಾಕೆ ಒಬ್ಬಳೇ ಹೋದಳು" ಎಂದು ಕೇಳುತ್ತಾರೆ, ಅದಕ್ಕೆ ತಾನೇ ಕೂತಿದ್ದಾನೆ. ಬೂದಿ ಮೊಣಕೈವರೆಗೆ ಹತ್ತಿತ್ತು. ಎರಡು ಎಳೆ ಹಿಡಿದು ಹೊಸೆಯುತ್ತಿದ್ದ. ಕೈ ಬಿಟ್ಟರೆ ಅವು ಬಿಚ್ಚಿಕೊಂಡು ಜೋತು ಬೀಳುತ್ತಿದ್ದವು. ಮತ್ತೆ ಹೊಸೆಯುತ್ತಿದ್ದ. ಇಷ್ಟು ವರ್ಷ ಅದೇ ಮಗ್ಗದ ಮುಂದೆ ನಿಂತವನು ಅದರ ಹಿಂದೆ ಏನು ನಡೆಯುತ್ತದೆ ಎಂದು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

"ಹ್ಯಾಂಗ ಮಾಡ್ತಾಳ ಅಕಿ ಇದನ್ನ?" ಎಂದು ಕೇಳಿದ.

"ಅಕೀನ್ನ ಕೇಳು," ಎಂದೆ. ಬೈಯಲು ಬಂದವಳು ಬೈಯುವುದನ್ನೇ ಮರೆತಿದ್ದೆ. ಅದಕ್ಕೂ ನನಗೆ ಸಿಟ್ಟು ಬಂತು.

ಆಗಲೇ ಅವನ ಫೋನ್ ಬಡಿಯಿತು. ಕೈಯೆಲ್ಲ ಬೂದಿ, ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ. ಅಪ್ಪ ರೂಢಿಯಂತೆ, "ಹಲೋ! ಹಲೋ!" ಎಂದು ಒದರಿದ.

"ಒದರಬ್ಯಾಡ್ರಿ," ಎಂದಿತು ಅವ್ವನ ದನಿ. ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟ. "ಮಗ್ಗ ನಿಂತಾವ. ಎಲ್ಲಾ ಕೇಳಸ್ತೈತಿ. ಚೌಪಾಟಿಗೆ ಬಂದೇನಿ. ಸುಮ್ಮ ಕೇಳ್ರಿ."

ಅವಳು ಫೋನನ್ನು ನೀರಿನ ಕಡೆ ಹಿಡಿದಿರಬೇಕು. ಮೊದಲು ಬರೀ ಗಾಳಿ. ಆಮೇಲೆ ದೂರದಿಂದ ಏನೋ ಎದ್ದು ಬಂದು ದಡಕ್ಕೆ ಬಿದ್ದು ಸರಸರ ಹಿಂದೆ ಹೋಯಿತು. ಮತ್ತೆ ಬಂತು. ನಮ್ಮ ಪಡಸಾಲೆಯ ತುಂಬ ಆ ಸದ್ದು. ಅಪ್ಪ ಎರಡು ಎಳೆಗಳನ್ನು ಬೆರಳಲ್ಲಿ ಹಿಡಿದುಕೊಂಡೇ ಫೋನಿನ ಹತ್ತಿರ ಬಗ್ಗಿದ. ಅವನ ಕಣ್ಣು ತುಂಬಿತ್ತು.

ಸದ್ದು ನಿಂತಿತು. ಅವ್ವ ಫೋನನ್ನು ಮತ್ತೆ ಕಿವಿಗೆ ಹಚ್ಚಿದ್ದಳು.

"ತಾರಾ," ಎಂದ ಅಪ್ಪ, "ಇನ್ನೊಂದೀಟ ಹೊತ್ತು ಹಿಡಿ."

"ಬೇಕಾದ್ರ ಬಂದ ಕೇಳ್ರಿ," ಎಂದು ಅವ್ವ ಫೋನ್ ಇಟ್ಟಳು.