ಖಂಡೆ ಪೂಜೆಗೆ ನಿಂತ ಜರ್ಮನ್ ಸಿಪಾಯಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೆಬ್ಬೆರಳಿನಷ್ಟಿದ್ದ ಒಂದು ಪ್ಲಾಸ್ಟಿಕ್ ಸಿಪಾಯಿಗಾಗಿ ನಾನು ನನ್ನ ಅಕ್ಕನ ಮೇಲೆ ಹರಿಹಾಯ್ದೆ, ಅದೂ ಹಬ್ಬದ ದಿನ. ಸಿಟ್ಟಿಗೆ ಕಾರಣವಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಆಡಿದ ಮಾತಿಗೆ ಮಾತ್ರ ಇರಲಿಲ್ಲ.

ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಬ್ಲಾಕುಗಳ ಜೊತೆ ಪುಟ್ಟ ಮನುಷ್ಯರು ಬರುತ್ತಾರಲ್ಲ, ಆ ಜಾತಿಯ ಗೊಂಬೆ ಅದು. ಆದರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮೊದಲನೆಯ ಮಹಾಯುದ್ಧದ ಜರ್ಮನ್ ಕಾಲಾಳು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇಂಥ ಗೊಂಬೆಗಳ ಮೇಲೆ ನಮಗೆ ಬೇಕಾದ ಹಾಗೆ ಪ್ರಿಂಟ್ ಹಾಕಿಕೊಡುವವನೊಬ್ಬನಿದ್ದ. ಅವನ ಬೆನ್ನು ಹತ್ತಿ, ಕೋಟಿಗೆ ಗುಂಡಿ ಎಂಟೇ ಇರಬೇಕೆಂದು ಜಗಳವಾಡಿ, ಎರಡು ಸಲ ವಾಪಸ್ ಕೊಟ್ಟು, ಮೂರನೆಯ ಸಲಕ್ಕೆ ಒಪ್ಪಿಕೊಂಡಿದ್ದೆ. ಬೂದು ಬಣ್ಣದ ಕೋಟು, ಕೈಯಲ್ಲಿ ಬಂದೂಕು, ನೆತ್ತಿಯ ಮೇಲೆ ಮೊನೆಯಿದ್ದ ಟೋಪಿ, ಎಳ್ಳಿನಷ್ಟು ಮೀಸೆ. ಪರೇಲಿನ ಆಫೀಸಿನಲ್ಲಿ ದಿನವಿಡೀ ಯಾರ್ಯಾರಿಂದಲೋ ಅನ್ನಿಸಿಕೊಂಡು, ಲೋಕಲ್ ರೈಲಿನಲ್ಲಿ ನುಜ್ಜುಗುಜ್ಜಾಗಿ ಬಂದವನಿಗೆ ಈ ಸಿಪಾಯಿಯನ್ನು ನೋಡಿದರೆ ಸಮಾಧಾನವಾಗುತ್ತಿತ್ತು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ವಿಜಯಪುರದ ಮನೆಯನ್ನು ಅವಳ ಮೈದುನರು ಹಂಚಿಕೊಂಡರು. ಒಂದು ಟ್ರಂಕು, ಅದರಲ್ಲಿ ನಾಲ್ಕು ಸೀರೆ, ಅವ್ವ ಕೊಟ್ಟಿದ್ದ ಈಳಿಗೆ, ಒಂದು ಕತ್ತರಿ. ಇಷ್ಟು ಹಿಡಿದುಕೊಂಡು ನನ್ನ ಒನ್ ರೂಮ್ ಕಿಚನ್‌ಗೆ ಬಂದಳು. ಮದುವೆಯಾಗದ ನನಗೆ ಅವಳೇ ಸಂಸಾರ. ಅವಳಿಗೂ ಹೋಗಲು ಬೇರೆ ಬಾಗಿಲಿರಲಿಲ್ಲ.

ನಮ್ಮ ಕಡೆ ಮಹಾನವಮಿಗೆ ಖಂಡೆ ಪೂಜೆ. ಮನೆಯ ಆಯುಧಗಳನ್ನೆಲ್ಲ ತೊಳೆದು ಸಾಲಾಗಿಟ್ಟು ಪೂಜಿಸಬೇಕು. ನಮ್ಮ ಮನೆಯಲ್ಲಿ ಆಯುಧವೆಂದರೆ ಈಳಿಗೆ, ಕತ್ತರಿ, ನನ್ನದೊಂದು ಸ್ಕ್ರೂಡ್ರೈವರ್. ಆ ವರ್ಷ ಸ್ನಾನ ಮುಗಿಸಿ ಬಂದರೆ, ಈಳಿಗೆಗೂ ಕತ್ತರಿಗೂ ನಡುವೆ ನನ್ನ ಸಿಪಾಯಿ ಹಣೆಗೆ ಕುಂಕುಮ ಹಚ್ಚಿಸಿಕೊಂಡು ನಿಂತಿದ್ದ. ಹಣೆ ಎಂದೆನೇ, ಮುಖವೇ ಇರಲಿಲ್ಲ. ಹಿತ್ತಾಳೆ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದ್ದಳು. ಕಣ್ಣು, ಮೀಸೆ ಹೋಗಿದ್ದವು. ಎಂಟು ಗುಂಡಿಗಳಲ್ಲಿ ಒಂದೂವರೆ ಉಳಿದಿತ್ತು.

“ಇದನ್ನ ಮುಟ್ಟಂತ ನಿನಗ ಯಾರು ಹೇಳಿದ್ರು?” ಎಂದೆ.

“ಕೈಯಾಗ ಬಂದೂಕ ಐತಲ್ಲೋ ತಮ್ಮಾ. ತಲಿ ಮ್ಯಾಲೆ ಕಳಸ ಬ್ಯಾರೆ ಐತಿ. ಅವನೊಬ್ಬನ್ನ ಬಿಟ್ಟು ಹೆಂಗ ಪೂಜಿ ಮಾಡಲಿ?” ಎಂದಳು ಅಕ್ಕ. ಅವಳ ಮುಖದಲ್ಲಿ ಸಂಭ್ರಮವಿತ್ತು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು.

“ಇದು ನನ್ನ ಮನಿ. ನನ್ನ ಮನ್ಯಾಗಿನ ಸಾಮಾನು ಮುಟ್ಟೂಕಿಂತ ಮೊದಲ ನನ್ನ ಕೇಳಬೇಕು. ನಿನಗ ಇರಾಕ ಜಾಗಾ ಕೊಟ್ಟೀನಿ, ಅಷ್ಟ.”

ಅಕ್ಕ ಕುಂಕುಮದ ಬಟ್ಟಲು ಕೆಳಗಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನಾನು ಕರಗುತ್ತಿದ್ದೆನೋ ಏನೋ.

ಮರುದಿನ ಸಂಜೆ ಬನ್ನಿ ಕೊಡುವ ಹೊತ್ತು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ರಾಜಿಯಾಗುತ್ತಾರೆ. ಚಿಕ್ಕವನು ನಾನು, ನಾನೇ ಎಲೆ ಕೊಟ್ಟು ಅವಳ ಕಾಲಿಗೆ ಬೀಳಬೇಕಿತ್ತು. ಏಳಲಿಲ್ಲ. ಕೊನೆಗೆ ಅವಳೇ ಸ್ಟೇಷನ್ ಎದುರಿನಿಂದ ತಂದ ಎಲೆ ಹಿಡಿದು ಬಂದು ನಿಂತಳು. ಸಿಪಾಯಿಯ ಕತ್ತಿನ ಸಂದಿಯಲ್ಲಿ ಕೂತಿದ್ದ ಕುಂಕುಮ ತೆಗೆಯುತ್ತಿದ್ದ ನಾನು ತಲೆ ಎತ್ತಲಿಲ್ಲ. ಎಲೆ ಹಿಡಿದುಕೊಂಡೇ ಒಳಗೆ ಹೋದಳು.

ಅಲ್ಲಿಂದ ಶುರುವಾಯಿತು. “ಈ ಚಾದ ಕಪ್ಪು ತೊಗೊಳ್ಳಲೇನು?” “ಫ್ಯಾನ್ ಹಚ್ಚಲೇನು?” “ಕಿಡಕಿ ತೆಗೀಲೇನು?” ನಾಟಕ ಮಾಡುತ್ತಿದ್ದಾಳೆ ಎಂದು ಹಲ್ಲು ಕಡಿದೆ. ಸಾಕು ಮಾಡು ಎಂದು ಪಕ್ಕದ ಮನೆಗೆ ಕೇಳುವಂತೆ ಕೂಗಾಡಿದೆ. ಅವಳು “ಆತು” ಎನ್ನುವಳು. ಮರುಗಳಿಗೆ ಉಪ್ಪಿನ ಡಬ್ಬಿ ತೆಗೆಯಲು ಅಪ್ಪಣೆ ಕೇಳುವಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವಳೂ ಅವಳೇ. ಒಂದು ವರ್ಷ ಹೀಗೇ ಕಳೆಯಿತು.

ಮುಂದಿನ ನವಮಿಗೆ ನಾನು ಸೋತೆ. ತಪ್ಪಾಯಿತು ಎನ್ನಲು ನನ್ನ ಬಾಯಿಗೆ ಬರುವುದಿಲ್ಲ. ಅದರ ಬದಲು, ಅದೇ ಎಸ್ಟೇಟಿನವನಿಂದ ಮಾಡಿಸಿದ ಹೊಸ ಸಿಪಾಯಿಯನ್ನು ಅವಳು ಬರುವ ಮೊದಲೇ ಪೂಜೆಯ ಸಾಲಿನಲ್ಲಿ ನಿಲ್ಲಿಸಿದೆ. ಮೀಸೆ, ಎಂಟು ಗುಂಡಿ, ಎಲ್ಲ ಇದ್ದವು. ಅಕ್ಕ ಕೂತು ಈಳಿಗೆಗೆ ಕುಂಕುಮ ಇಟ್ಟಳು. ಅವಳ ಬೆರಳು ಸಿಪಾಯಿಯ ಮುಂದೆ ಬಂದು ನಿಂತಿತು.

“ಹಚ್ಚಕ್ಕಾ. ನಾನ ಇಟ್ಟೀನಿ,” ಎಂದೆ.

“ಬ್ಯಾಡಪ್ಪಾ. ನಿನ್ನ ಮನಿ ಸಾಮಾನು.”

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಕತ್ತರಿಗೆ ಕುಂಕುಮ ಇಟ್ಟು ಕೈ ಒರೆಸಿಕೊಂಡಳು. ಸ್ಕ್ರೂಡ್ರೈವರನ್ನೂ ಬಿಟ್ಟಿದ್ದಳು. ಟ್ರಂಕಿನಲ್ಲಿ ತಾನು ತಂದಿದ್ದ ಆ ಎರಡಕ್ಕೆ ಮಾತ್ರ ಆರತಿ ಬೆಳಗಿ, ಎದ್ದು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು.

“ಹೋಳಿಗಿ ಮಾಡಬೇಕು. ಗ್ಯಾಸ್ ಹಚ್ಚಲೇನು?”