ಬಾವಿಕಟ್ಟೆಯಲ್ಲಿ ನೀರು ಕೇಳಿದವನು

ಬಾವಿಯ ಬಳಿ ನೀರು ಕೇಳಿದವನು ಯೇಸು. ಕೇಳಿದವಳು ಆ ಹೆಂಗಸು ಎಂದು ನಾನು ಓದಿದೆ. ಕಣ್ತಪ್ಪಿನಿಂದಲ್ಲ, ಬೇಕೆಂದೇ — ಅಕ್ಷರ ಬಾರದ ಏಳೆಂಟು ಹೆಂಗಸರ ಎದುರಿಗೆ ಕೂತು, ಪುಸ್ತಕದಲ್ಲಿ ಒಂದಿದ್ದರೆ ಬಾಯಲ್ಲಿ ಇನ್ನೊಂದು ಹೇಳಿದೆ. ಇಪ್ಪತ್ತು ವರ್ಷಗಳ ಮೇಲಾಯಿತು. ಮಕ್ಕಳು ಒಂದು ಒತ್ತಕ್ಷರ ನುಂಗಿದರೂ ಕಿವಿ ಹಿಂಡುತ್ತಿದ್ದ ಟೀಚರು ನಾನು. ನನ್ನ ಕಿವಿ ಹಿಂಡುವವರು ಅಲ್ಲಿ ಯಾರೂ ಇರಲಿಲ್ಲ.

ನಾನು ಸೊಸೆಯಾಗಿ ಬಂದದ್ದು ಕೊಳಾಲದ ಹತ್ತಿರದ ಒಂದು ಹಳ್ಳಿಗೆ, ಗೌಡರ ಮನೆಗೆ. ಅದೇ ಊರಿನ ಶಾಲೆಯಲ್ಲಿ ಕೆಲಸ. ಶಿವರಾತ್ರಿಯ ಆಸುಪಾಸಿನಲ್ಲಿ ನಮ್ಮ ಮರಗಳ ಹುಣಸೆಹಣ್ಣು ಅಂಗಳಕ್ಕೆ ಬಂದು ಬೀಳುತ್ತಿತ್ತು. ಅದರ ಓಡು ಒಡೆದು, ನಾರು ಕಿತ್ತು, ಕಲ್ಲಿನ ಮೇಲೆ ಕುಟ್ಟಿ ಬೀಜ ತೆಗೆಯಲು ಕಾಲೋನಿಯ ಹೆಂಗಸರು ಬರುತ್ತಿದ್ದರು. ಅವರಿಗೆ ಬಾಯಾರಿದರೆ ಸೊಸೆಯಾದ ನಾನೇ ಚೊಂಬು ಹಿಡಿದು ಹೋಗಬೇಕು. ಅವರು ಬೊಗಸೆ ಒಡ್ಡಬೇಕು, ನಾನು ಮೇಲಿನಿಂದ ಹೊಯ್ಯಬೇಕು, ಚೊಂಬು ಅವರಿಗೆ ತಾಗಬಾರದು. ಮೊದಮೊದಲು ಮುಖ ಆಚೆ ತಿರುಗಿಸಿಕೊಂಡು ಹೊಯ್ಯುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು — ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಆ ಹೆಂಗಸರಲ್ಲಿ ಹಿರಿಯಳು ಮೂಡ್ಲಕ್ಕ. ತುಮಕೂರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿದ್ದಾಗ ಪಕ್ಕದ ಹಾಸಿಗೆಯವಳು ಅವಳ ಕೈಗೆ ಸುವಾರ್ತೆಗಳ ಒಂದು ಸಣ್ಣ ಕನ್ನಡ ಪುಸ್ತಕ ಕೊಟ್ಟಿದ್ದಳಂತೆ. ಅದನ್ನು ತಂದು ನನ್ನ ಮುಂದಿಟ್ಟಳು. ತಾವು ಮಾರಮ್ಮನ ಒಕ್ಕಲೇ, ಎಲ್ಲಿಗೂ ಸೇರುವುದಕ್ಕಲ್ಲ, ಕೈ ಕೆಲಸ ಮಾಡುತ್ತಿರುವಾಗ ಕಿವಿಗೊಂದು ಕತೆ ಬೇಕು ಎಂದಳು. ಅವಳ ಮಗಳು ರತ್ನಮ್ಮ ಏಳನೆಯ ತರಗತಿ ಪಾಸಾದವಳು, ನನ್ನ ಶಿಷ್ಯೆಯೇ, ಚೆನ್ನಾಗಿ ಓದುತ್ತಿದ್ದಳು. ಆದರೂ ಮೂಡ್ಲಕ್ಕ ಪುಸ್ತಕವನ್ನು ನನ್ನ ಬಳಿಗೇ ತಂದಳು — ಟೀಚರು ಓದಿದರೆ ತಪ್ಪಿರುವುದಿಲ್ಲ ಎಂದು.

ಶಾಲೆ ಬಿಟ್ಟ ಮೇಲೆ ಸಂಜೆ ಒಂದೊಂದು ಗಂಟೆ ಓದುತ್ತಿದ್ದೆ. ಅವರು ಕೇಳುತ್ತಿದ್ದ ರೀತಿ ಇದೆಯಲ್ಲ — ಅದನ್ನು ಹೇಗೆ ಹೇಳಲಿ? ಒಬ್ಬ ವಿಧವೆ ಕಲ್ಲೆದೆಯ ನ್ಯಾಯಾಧೀಶನ ಬೆನ್ನು ಬಿಡದೆ, ದಿನಾ ಹೋಗಿ ಹೋಗಿ, ಅವನಿಗೇ ಸಾಕಾಗಿ ನ್ಯಾಯ ಕೊಡುವ ಕತೆಯೊಂದಿದೆ. ದೇವರನ್ನು ಬಿಡದೆ ಬೇಡಿಕೊಳ್ಳಿ ಎಂದು ಅದರರ್ಥ ಎಂದು ನಾನು ವಿವರಿಸಹೊರಟೆ. ಮೂಡ್ಲಕ್ಕ ತಲೆ ಎತ್ತದೆ, ಇದು ನಮ್ಮ ಕೊರಟಗೆರೆ ತಾಲೂಕಾಫೀಸು ಎಂದಳು. ಎಲ್ಲರೂ ನಕ್ಕರು. ಮಾರನೆಯ ಸೋಮವಾರ ಅವರಲ್ಲಿ ಮೂವರು ವಿಧವಾ ವೇತನಕ್ಕೆಂದು ಕೆಲಸ ಬಿಟ್ಟು ಕೊರಟಗೆರೆಗೆ ಹೋದರು. ಮತ್ತೆ ಹೋದರು, ಮತ್ತೂ ಹೋದರು, ವೇತನ ಮಂಜೂರಾಗುವವರೆಗೂ ಹೋದರು. ನಾನು ಬೆರಗಾದೆ. ನಾನು ಓದಿದ್ದ ಪುಟವನ್ನೇ ಅವರು ಕೇಳಿದ್ದರು. ನನಗೆ ಕಾಣದ್ದು ಅವರ ಕಿವಿಗೆ ಹೇಗೆ ಬಿತ್ತು?

ಶಾಲೆಯಲ್ಲಿ ಬಿಸಿಯೂಟ ಆಗಷ್ಟೇ ಶುರುವಾಗಿತ್ತು. ಅಡುಗೆಯವರು ಬೇಕಿತ್ತು. ರತ್ನಮ್ಮನ ಕೈಯಲ್ಲಿ ನಾನೇ ಅರ್ಜಿ ಹಾಕಿಸಿದೆ, ಬರೆದದ್ದೂ ನಾನೇ. ಎರಡೇ ದಿನದಲ್ಲಿ ಊರು ಗುಸುಗುಸು ಎಂದಿತು. ಅವಳು ಬೇಯಿಸಿದರೆ ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ನಾಲ್ಕು ಮನೆಯವರು ಬಂದು ಅತ್ತೆಗೆ ಹೇಳಿ ಹೋದರು. ಅತ್ತೆ ಕೂಗಾಡುವ ಜನವಲ್ಲ. ಅರ್ಜಿ ಬರೆದವಳೇ ಅದನ್ನು ವಾಪಸ್ ತೆಗೆಸಿದರೆ ಎಲ್ಲರಿಗೂ ಮರ್ಯಾದೆ ಎಂದರು, ಅಷ್ಟೆ.

ಮರುದಿನ ಮೂಡ್ಲಕ್ಕ ಹಣ್ಣು ಕುಟ್ಟುತ್ತಾ ಕುಟ್ಟುತ್ತಾ ನನ್ನನ್ನು ಕೇಳಿದಳು. ಅತ್ತೆ ಜಗಲಿಯ ಮೇಲೆ ಕೂತಿದ್ದರು.

"ಟೀಚರಮ್ಮ, ಆ ಪುಸ್ತಕದಾಗೆ ದೊಡ್ಡೋರು ಯಾರಾನ ನಮ್ಮಂತೋರ ಕೈಯಾಗೆ ಈಸ್ಕೊಂಡು ಉಂಡವ್ರಾ, ಕುಡ್ದವ್ರಾ? ಇದ್ರೆ ಓದಿ. ರತ್ನಿಗೆ ಧೈರ್ಯ ಯೋಳ್ಬೇಕು."

ಆ ಪುಟ ನನಗೆ ಗೊತ್ತಿತ್ತು. ಮುಂದಿನದನ್ನು ಮನೆಯಲ್ಲಿ ಓದಿಕೊಂಡೇ ಬರುತ್ತಿದ್ದೆ. ನಡುಮಧ್ಯಾಹ್ನ, ನಡೆದು ದಣಿದ ಯೇಸು ಬಾವಿಕಟ್ಟೆಯ ಮೇಲೆ ಕೂತಿದ್ದಾನೆ. ಸಮಾರ್ಯದ ಹೆಂಗಸೊಬ್ಬಳು ಕೊಡ ಹಿಡಿದು ಬರುತ್ತಾಳೆ. ಅವನ ಜನ ಅವಳ ಜನ ಮುಟ್ಟಿದ ಪಾತ್ರೆಯನ್ನು ಮುಟ್ಟುವುದಿಲ್ಲ. ಅವನು ಕುಡಿಯಲು ನೀರು ಕೇಳುತ್ತಾನೆ. ಅವಳೇ ದಂಗಾಗುತ್ತಾಳೆ — ನೀನು ನನ್ನ ಹತ್ತಿರ ನೀರು ಕೇಳುವುದೆ?

ಅಷ್ಟನ್ನು ಓದಿದ್ದರೆ ಸಾಕಿತ್ತು. ಪುಟ ತೆರೆದೆ. ಅತ್ತೆಯ ಕಡೆ ನೋಡಿದೆ. ಆಮೇಲೆ — ಒಬ್ಬ ಬಡ ಹೆಂಗಸು ಬಾಯಾರಿ ಬಾವಿಗೆ ಬಂದಳು, ಯೇಸು ಕನಿಕರಪಟ್ಟು ಅವಳಿಗೆ ನೀರು ಸೇದಿ ಹೊಯ್ದ ಎಂದು ಓದಿದೆ. ತಡವರಿಸಲಿಲ್ಲ. ಪಾಠ ಮಾಡುವ ಅದೇ ದನಿಯಲ್ಲಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಸ್ಪಷ್ಟವಾಗಿ ಓದಿದೆ.

ಮೂಡ್ಲಕ್ಕನ ಕೈ ಕಲ್ಲಿನ ಮೇಲೆ ನಿಂತಿತು. "ಹುಯ್ಯೋದು ನಮ್ಗೇನು ಹೊಸ್ದಾ ಟೀಚರಮ್ಮ? ಇಲ್ಲೂ ಹುಯ್ತೀರಿ," ಎಂದಳು. ಮತ್ತೆ ಕುಟ್ಟತೊಡಗಿ, "ಅಂಗಾರೆ ಆ ಪುಸ್ತಕದಾಗೂ ಇಲ್ಲ ಅನ್ನಿ."

"ಇಲ್ಲ ಮೂಡ್ಲಕ್ಕ, ಅಂಥದ್ದೇನೂ ಇಲ್ಲ," ಎಂದೆ.

ಅವಳು ಮತ್ತೆ ಯಾವತ್ತೂ ಓದಿ ಎನ್ನಲಿಲ್ಲ. ಪುಸ್ತಕ ನಿಮ್ಮಲ್ಲೇ ಇರಲಿ ಎಂದು ಬಿಟ್ಟು ಹೋದಳು. ಎರಡು ದಿನ ಬಿಟ್ಟು ರತ್ನಮ್ಮ ತಾನಾಗಿಯೇ ಬಂದು ಅರ್ಜಿ ವಾಪಸ್ ಪಡೆದಳು. ಹೆಡ್ ಮಾಸ್ಟರು ನೆಮ್ಮದಿಯ ಉಸಿರು ಬಿಟ್ಟರು. ನಾನೂ ಬಿಟ್ಟೆ. ನಮ್ಮ ಬೀದಿಯವರೇ ಒಬ್ಬರು ಅಡುಗೆಗೆ ಬಂದರು. ಅದೇ ವರ್ಷ ರತ್ನಮ್ಮನನ್ನು ಶಿರಾ ಕಡೆಯ ಹುಲಿಕುಂಟೆಗೆ ಕೊಟ್ಟರು. ಇವತ್ತಿಗೂ ಅವಳು ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಾಳೆ.

ಅತ್ತೆಯ ಭಯ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅತ್ತೆ ತೀರಿಹೋದ ಮೇಲೂ ನಾನು ಆ ಪುಟವನ್ನು ಯಾರಿಗೂ ಓದಿ ಹೇಳಲಿಲ್ಲವಲ್ಲ. ಓದಿದರೆ ನಾಳೆ ಅದೇ ಶಾಲೆಯಲ್ಲಿದ್ದ ನನ್ನ ಮಗಳೂ ರತ್ನಮ್ಮ ಬಡಿಸಿದ್ದನ್ನು ಉಣ್ಣಬೇಕಾಗುತ್ತದೆ ಎಂಬುದು ನನ್ನದೇ ಲೆಕ್ಕಾಚಾರವಾಗಿತ್ತು. ಹೋದ ವರ್ಷದ ಕೊನೆಯಲ್ಲಿ ನಾನು ನಿವೃತ್ತಳಾದಾಗ ಶಾಲೆಯಲ್ಲಿ ಹಾರ ಹಾಕಿದರು. ಭಾಷಣ ಮಾಡಿದವರೊಬ್ಬರು ಈ ತಾಯಿ ಒಂದು ದಿನವೂ ಮಕ್ಕಳಿಗೆ ತಪ್ಪು ಓದಿಸಿದವರಲ್ಲ ಎಂದರು. ಹಾರ ಕುತ್ತಿಗೆಗೆ ಚುಚ್ಚತೊಡಗಿತು. ಆ ವಾರವೇ ಪುಸ್ತಕ ಹುಡುಕಿ ತೆಗೆದು ಕಾಲೋನಿಗೆ ಹೋದೆ.

ಮೂಡ್ಲಕ್ಕನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ದನಿಯಿಂದಲೇ ನನ್ನ ಗುರುತು ಹಿಡಿದಳು. ತಪ್ಪಾಗಿ ಓದಿದ್ದ ಒಂದು ಕತೆ ಇದೆ, ಸರಿಯಾಗಿ ಓದುತ್ತೇನೆ ಎಂದೆ. ಹೊಸ್ತಿಲ ಮೇಲೆ ಕೂತು ಓದಿದೆ, ಒಂದಕ್ಷರ ಬಿಡದೆ. ಅವಳು ನಡುನಡುವೆ ನಿಲ್ಲಿಸಿ ಕೇಳಿದಳು — ಆವಯ್ಯನ ತಾವ ಕೊಡ ಇರಲಿಲ್ಲವಾ? ಇರಲಿಲ್ಲ. ಹಗ್ಗ? ಅದೂ ಇಲ್ಲ ಎಂದೆ.

"ಅಂದ್ರೆ ಆವಮ್ಮ ಕೊಟ್ರೇ ಉಂಟು," ಎಂದು ಅವಳು ಮುಖ ಮೇಲೆತ್ತಿದಳು. "ಕೊಟ್ಳಾ?"

ನಾನು ಮುಂದೆ ಹುಡುಕಿದೆ. ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಜೀವಜಲ ಎನ್ನುತ್ತದೆ, ದೇವರು ಎನ್ನುತ್ತದೆ, ಕೊನೆಗೆ ಅವಳು ಕೊಡವನ್ನು ಅಲ್ಲೇ ಬಿಟ್ಟು ಊರಿನೊಳಕ್ಕೆ ಓಡುತ್ತಾಳೆ. ಅವಳು ನೀರು ಕೊಟ್ಟಳು, ಅವನು ಕುಡಿದ ಎಂದು ಎಲ್ಲಿಯೂ ಇಲ್ಲ. ಎರಡು ಸಲ ನೋಡಿದೆ. ಇಷ್ಟು ವರ್ಷ ಆ ಪುಟ ನನ್ನನ್ನು ಚುಚ್ಚಿದೆ, ಆದರೆ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಬರೆದಿಲ್ಲ ಎಂದೆ.

ಮೂಡ್ಲಕ್ಕ ನಕ್ಕಳು. "ಬರ್ದೋರ್ಗೂ ನಿಮ್ಮಂಗೇ ಭಯ ಇತ್ತೇನೋ ಕಣವ್ವ."

ನಾನು ಬಾಯಿಬಿಟ್ಟು ತಪ್ಪು ಒಪ್ಪಿಕೊಳ್ಳುವ ಮೊದಲೇ ಅವಳಿಗೆ ಎಲ್ಲ ತಿಳಿದುಹೋಗಿತ್ತು. ಸಿಟ್ಟಿಲ್ಲದೆ, ಕತೆಯ ಒಳಗೇ ನಿಂತು, ನನ್ನನ್ನೂ ಆ ಬರೆದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಳು. ಅಂಥ ಓದನ್ನು ನಾನು ಯಾವ ವಿದ್ವಾಂಸರ ಬಾಯಲ್ಲೂ ಕೇಳಿಲ್ಲ. ಅವಳು ನಿಧಾನವಾಗಿ, ಕೊಟ್ಟೇ ಇರುತ್ತಾಳೆ, ಬಾಯಾರಿ ಬಂದವರಿಗೆ ನಾವು ಯಾವತ್ತು ಇಲ್ಲ ಎಂದಿದ್ದೇವೆ ಎಂದಳು. ನಾನು ಅಳತೊಡಗಿದೆ. ಅತ್ತು, ಅರ್ಜಿಯ ವಿಷಯ, ಆವತ್ತಿನ ಸಂಜೆಯ ವಿಷಯ ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ.

"ನಂಗ್ಯಾಕೆ ಯೋಳ್ತೀರಿ," ಎಂದಳು. "ಕೇಳ್ದೋಳು ನಾನು. ಕಳ್ಕೊಂಡೋಳು ರತ್ನಿ. ಅಲ್ಲಿಗೋಗಿ."

ಹೋಗುವುದಕ್ಕೆ ಮೂರು ತಿಂಗಳು ಹಿಂದೆ ಮುಂದೆ ನೋಡಿದೆ. ಮಂಡಿನೋವು ಎಂದೆ, ಬಿಸಿಲು ಎಂದೆ. ಮೊನ್ನೆ ಫೋನು ಮಾಡಿದೆ. ರತ್ನಮ್ಮ ಸಂತೋಷಪಟ್ಟು, ಭಾನುವಾರ ಕೂಲಿಗೆ ಹೋಗುವುದಿಲ್ಲ, ಬನ್ನಿ ಎಂದಳು. ಅವಳ ಆ ಸಂತೋಷವೇ ನನ್ನನ್ನು ತಿನ್ನುತ್ತಿದೆ. ಟೀಚರು ತನ್ನನ್ನು ನೋಡಲು ಬರುತ್ತಿದ್ದಾರೆ ಎಂದುಕೊಂಡಿದ್ದಾಳೆ.

ಭಾನುವಾರ ಮಧುಗಿರಿ ಮೇಲೆ ಶಿರಾಕ್ಕೆ ಹೋಗಿ, ಅಲ್ಲಿಂದ ಹುಲಿಕುಂಟೆಯ ಬಸ್ಸು ಹತ್ತುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ, ಕೊಡಲೇಬೇಕಾದ ಕಷ್ಟವೂ ಅವಳದೇ ಆಗುತ್ತದೆ. ಈ ಸಲ ನಾನು ಓದುವುದೂ ಇಲ್ಲ. ಆವತ್ತು ಮಾಡಿದ್ದನ್ನು ಹೇಳಿ, ಪುಟ ತೆರೆದು ಪುಸ್ತಕವನ್ನು ಅವಳ ಕೈಗೆ ಕೊಡುತ್ತೇನೆ. ಅವಳು ಓದಲಿ, ನಾನು ಎದುರಿಗೆ ಕೂತು ಕೇಳುತ್ತೇನೆ.